ಪಶ್ಚಾತ್ತಾಪವೂ ಮಾನಸಾಂತರವೂ

ಪಶ್ಚಾತ್ ಎಂದರೆ ಅನಂತರ, ತಾಪವೆಂದರೆ ಬೇಗೆ. ಕಾರ್ಯವು ಕೈಮೀರಿ ಹೋದ ತರುವಾಯ ಕರ್ತೃವಿನ ಅಂತಃಕರಣದಲ್ಲಿ ಹುಟ್ಟುವ ಬೇಗೆಗೆ ಪಶ್ಚಾತ್ತಾಪವೆಂದು ಹೆಸರು. ಅನುತಾಪವೆಂಬ ಶಬ್ದಕ್ಕೂ ಹೆಚ್ಚುಕಡಮೆ ಇದೇ ಅರ್ಥ. ಬೆಂಕಿ ತಗುಲಿದ ಕೈ ಉರಿಯುವಂತೆ ತಪ್ಪು ತಗುಲಿದ ಮನಸ್ಸೂ ಉರಿಯುತ್ತದೆ. ಇದು ಸಹಜವಾದ ಧರ್ಮ. ಆದರೆ ಉರಿದ ಮಾತ್ರಕ್ಕೆ ಮನಸ್ಸು ಬದಲಾಯಿತೆಂದು ಹೇಳಬಹುದೆ? ಕೈಯ ಉರಿ ಆರಿದ ಮರುದಿನವೇ ಅದೇ ಕೈಯನ್ನು ಅದೇ ಒಲೆಗೆ ಒಡ್ಡುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಕ್ರೈಸ್ತರ ಧರ್ಮಗ್ರಂಥದ ಉತ್ತರಭಾಗವು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಈ ಪ್ರಸಂಗದಲ್ಲಿ ಬರುವ ಮುಖ್ಯ ಶಬ್ದ ‘ಮೆತನೋಯ’. ‘ಮೆತಾ’ ಎಂಬುದು ಅನಂತರ ಎಂಬ ಅರ್ಥವನ್ನೂ ಬದಲಾವಣೆ ಎಂಬ ಅರ್ಥವನ್ನೂ ಕೊಡುವ ಉಪಸರ್ಗ. ಉಳಿದ ಭಾಗವು ಮನಸ್ಸನ್ನು, ಬುದ್ಧಿಯನ್ನು ಹೇಳುತ್ತದೆ. ನಮ್ಮ ಶಬ್ದದಲ್ಲಿ ಬೇಗೆ ಮುಂದಾಗಿದ್ದರೆ ಅವರ ಶಬ್ದದಲ್ಲಿ ಬುದ್ಧಿ ಮುಂದಾಗಿದೆ. ಕನ್ನಡ ಕ್ರೈಸ್ತರು ಇದಕ್ಕೆ ‘ಮಾನಸಾಂತರ’ವೆಂಬ ಮಾತನ್ನು ಬಳಸುತ್ತಾರೆ. ವ್ಯಾಕರಣ ಬಲ್ಲವರು ಈ ಪದವನ್ನು ಮೆಚ್ಚಬೇಕು. ಅನ್ಯವಾದ ದೇಶವು ದೇಶಾಂತರ, ಅನ್ಯವಾದ ಜನ್ಮವು ಜನ್ಮಾಂತರ. ಹಾಗೆಯೇ ಅನ್ಯವಾದ ಮಾನಸವು ಮಾನಸಾಂತರ. ಹಳೆಯ ಮನಸ್ಸಿಗೆ ತೇಪೆ ಹಾಕುವುದಲ್ಲ, ಬೇರೆಯ ಮನಸ್ಸನ್ನು ಪಡೆಯುವುದು. ಅವರ ಗ್ರಂಥದ ಪೂರ್ವಭಾಗದ ಹೀಬ್ರೂ ಭಾಷೆಯಲ್ಲಿ ಇದೇ ಭಾವಕ್ಕೆ ಬಳಸುವ ಧಾತುವಿನ ಅರ್ಥ ಇನ್ನೂ ಸರಳ: ಹಿಂದಿರುಗು. ತಪ್ಪು ದಾರಿಯಲ್ಲಿ ನಡೆದವನು ನಿಂತು ಅತ್ತರೆ ಸಾಲದು; ಮುಖ ತಿರುಗಿಸಿ ಹೆಜ್ಜೆಯಿಡಬೇಕು.

ಮಠದ ಪತ್ರಿಕೆಯಲ್ಲಿ ಪರಧರ್ಮದ ಮಾತೇಕೆಂದು ಕೆಲವರು ಕೇಳಬಹುದು. ೧೮೩೪ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದ ಮೇಲೆ ಅವರಲ್ಲಿ ಹಲವರು ನಮ್ಮ ಪುರಾಣಗಳನ್ನೂ ಕಾವ್ಯಗಳನ್ನೂ ಶ್ರದ್ಧೆಯಿಂದ ಓದಿದರು. ಕಿಟ್ಟೆಲ್ ಪಂಡಿತರು ೧೮೯೪ರಲ್ಲಿ ಕೊಟ್ಟ ನಿಘಂಟನ್ನು ನಾವು ಇಂದಿಗೂ ತೆರೆಯುತ್ತೇವೆ. ಅವರು ನಮ್ಮ ಮನೆಯ ದೀಪದಲ್ಲಿ ಓದಿದ ಮೇಲೆ ನಾವು ಅವರ ಮನೆಯ ದೀಪದಲ್ಲಿ ನಾಲ್ಕು ಸಾಲು ಓದಿದರೆ ನಮ್ಮ ವಿಭೂತಿ ಅಳಿಸಿಹೋಗುವುದಿಲ್ಲ. ಮೇಲಾಗಿ ಈ ವಿಷಯದಲ್ಲಿ ಅವರ ಇತಿಹಾಸವು ನಮಗೆ ಕಲಿಸುವುದು ಬಹಳವಿದೆ. ಅವರ ಗೆಲವಿನಷ್ಟೇ ಅವರ ಎಡವುಗಳೂ ಪಾಠವಾಗಿವೆ.

ಎಡವಿದ್ದು ಮೊದಲು ಎಲ್ಲಿ? ಲೆಕ್ಕದಲ್ಲಿ. ಗ್ರೀಕ್ ಗ್ರಂಥವು ಲ್ಯಾಟಿನ್ ಭಾಷೆಗೆ ಪರಿವರ್ತಿತವಾದಾಗ ಮನಸ್ಸನ್ನು ಮಾರ್ಪಡಿಸಿಕೊಳ್ಳಿರೆಂಬ ಕರೆಯು ‘ಪ್ರಾಯಶ್ಚಿತ್ತ ಮಾಡಿರಿ’ ಎಂದು ಕೇಳಿಸುವಂತಾಯಿತು. ಆರನೆಯ ಶತಮಾನದಿಂದೀಚೆಗೆ ಐರ್ಲೆಂಡಿನ ಮಠಗಳ ಕಡೆಯಿಂದ ಹರಡಿದ ಪ್ರಾಯಶ್ಚಿತ್ತದ ಕೈಪಿಡಿಗಳಲ್ಲಿ ಇಂತಹ ತಪ್ಪಿಗೆ ಇಷ್ಟು ದಿನದ ಉಪವಾಸವೆಂಬ ಪಟ್ಟಿಗಳು ಸಿದ್ಧವಾದವು. ಉಪವಾಸಕ್ಕೆ ಬದಲು ಜಪವೆಂದೂ ಜಪಕ್ಕೆ ಬದಲು ದಾನವೆಂದೂ ವಿನಿಮಯಗಳು ಏರ್ಪಟ್ಟವು. ನಮ್ಮ ಸ್ಮೃತಿಗಳಲ್ಲಿ ಕೃಚ್ಛ್ರ ಚಾಂದ್ರಾಯಣಗಳ ಪಟ್ಟಿಯನ್ನೂ, ಅವಕ್ಕೆ ಪ್ರತಿನಿಧಿಯಾಗಿ ಗೋದಾನವನ್ನೂ ಕಂಡವರಿಗೆ ಇದೇನೂ ಹೊಸತಲ್ಲ. ಪ್ರಾಯವೆಂದರೆ ತಪಸ್ಸು, ಚಿತ್ತವೆಂದರೆ ನಿಶ್ಚಯ ಎಂದು ಪ್ರಾಚೀನರು ಆ ಪದವನ್ನು ಬಿಡಿಸಿದ್ದರು; ಕಾಲಕ್ರಮದಲ್ಲಿ ನಿಶ್ಚಯವು ಹಾರಿಹೋಗಿ ದಕ್ಷಿಣೆ ಮಾತ್ರ ಉಳಿಯಿತು. ಅಲ್ಲಿಯೂ ಅದೇ ಕಥೆ. ಪ್ರತಿಯೊಬ್ಬನೂ ವರ್ಷಕ್ಕೊಮ್ಮೆಯಾದರೂ ಗುರುವಿನೆದುರು ಪಾಪನಿವೇದನೆ ಮಾಡಬೇಕೆಂದು ೧೨೧೫ರಲ್ಲಿ ರೋಮಿನ ಲ್ಯಾಟರನ್ ಪರಿಷತ್ತು ವಿಧಿಸಿತು. ಮುಂದೆ ಪಾಪಫಲದ ವಿಮೋಚನೆಗೆ ಚೀಟಿಗಳು ಹಣಕ್ಕೆ ದೊರೆಯತೊಡಗಿದವು. ೧೫೧೬ರಲ್ಲಿ ಎರಾಸ್ಮಸ್ ಪಂಡಿತನು ಗ್ರೀಕ್ ಮೂಲವನ್ನು ಅಚ್ಚುಹಾಕಿಸಿದನು. ಮರುವರ್ಷವೇ ಜರ್ಮನಿಯ ಮಾರ್ಟಿನ್ ಲೂಥರನು ತೊಂಬತ್ತೈದು ಸೂತ್ರಗಳನ್ನು ಹೊರಡಿಸಿ, ಭಕ್ತನ ಆಯುಷ್ಯವೆಲ್ಲವೂ ಒಂದು ಪಶ್ಚಾತ್ತಾಪವಾಗಿರಬೇಕೆಂಬುದನ್ನೇ ಮೊದಲನೆಯ ಸೂತ್ರವಾಗಿ ಇಟ್ಟನು. ರೋಮಿನ ಸಭೆಯವರೂ ಸುಮ್ಮನಿರಲಿಲ್ಲ. ೧೫೫೧ರಲ್ಲಿ ಟ್ರೆಂಟಿನ ಪರಿಷತ್ತಿನಲ್ಲಿ ಪಶ್ಚಾತ್ತಾಪದ ಅಂಗಗಳನ್ನು ವಿವರಿಸುವಾಗ ಹೃದಯದ ಮರುಕಕ್ಕೇ ಪ್ರಥಮ ಸ್ಥಾನವನ್ನು ಕೊಟ್ಟರು. ಆ ವಾದವಿವಾದಗಳು ನಮಗಿಲ್ಲಿ ಅನವಶ್ಯಕ.

ಆ ಅಂಗಗಳನ್ನು ಮಾತ್ರ ನೆನಪಿನಲ್ಲಿಡಬೇಕು. ಅವು ಮೂರು: ಹೃದಯದ ಮರುಕ, ಬಾಯಿಯ ನಿವೇದನೆ, ಕೈಯ ಪರಿಹಾರ. ಮನೋವಾಕ್ಕಾಯಗಳೆಂದು ನಾವು ಹೇಳುವ ಕ್ರಮವೇ ಸರಿ. ಈ ಮೂರನ್ನೂ ಚಾಚೂ ತಪ್ಪದೆ ನೆರವೇರಿಸಿದವನೊಬ್ಬನು ಯೇಸುಕ್ರಿಸ್ತನ ಶಿಷ್ಯರಲ್ಲಿದ್ದಾನೆ. ಅವನಾರೆಂದು ಊಹಿಸಬಲ್ಲಿರಾ? ಗುರುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನೇ!

ಮತ್ತಾಯನ ಸುವಾರ್ತೆಯನ್ನು ನಿಧಾನವಾಗಿ ಓದಿದರೆ ಇದು ಸ್ಪಷ್ಟವಾಗುತ್ತದೆ. ಗುರುವಿಗೆ ಮರಣದಂಡನೆ ಖಂಡಿತವಾಯಿತೆಂದು ತಿಳಿದಾಗ ಯೂದನು ಮರುಗಿದನು. ತಾನು ನಿರಪರಾಧಿಯನ್ನು ಒಪ್ಪಿಸಿಬಿಟ್ಟೆನೆಂದು ಯಾಜಕರ ಮುಂದೆ ಬಾಯಿಬಿಟ್ಟು ಹೇಳಿದನು. ಪಡೆದಿದ್ದ ಮೂವತ್ತು ಬೆಳ್ಳಿಯ ನಾಣ್ಯಗಳನ್ನೂ ದೇವಾಲಯದಲ್ಲಿ ಎಸೆದನು. ಮರುಕ, ನಿವೇದನೆ, ಪರಿಹಾರ ಮೂರೂ ಆಯಿತು. ಆಮೇಲೆ ಹೋಗಿ ಉರುಲು ಹಾಕಿಕೊಂಡನು. ಅದೇ ರಾತ್ರಿ ಪೇತ್ರನೆಂಬ ಮತ್ತೊಬ್ಬ ಶಿಷ್ಯನು, ಆ ಮನುಷ್ಯನನ್ನು ನಾನರಿಯೆನೆಂದು ಕೋಳಿ ಕೂಗುವುದರೊಳಗೆ ಮೂರು ಸಲ ಹೇಳಿ, ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತನು. ಅವನು ಯಾವ ಹಣವನ್ನೂ ಹಿಂದಿರುಗಿಸಲಿಲ್ಲ, ಯಾವ ಯಾಜಕರ ಮುಂದೆಯೂ ನಿವೇದಿಸಲಿಲ್ಲ. ಆದರೂ ಸಭೆಗೆ ಆಧಾರಶಿಲೆಯಾದವನು ಅವನೇ. ಇದು ಪಕ್ಷಪಾತವೆ?

ಯೂದನ ಮರುಕಕ್ಕೆ ಸುವಾರ್ತೆಗಾರನು ಆ ಸ್ಥಳದಲ್ಲಿ ಬಳಸಿದ ಕ್ರಿಯಾಪದವು ಮೆತನೋಯಕ್ಕೆ ಸಂಬಂಧಿಸಿದ್ದಲ್ಲ. ಕೇವಲ ಪರಿತಪಿಸುವುದನ್ನು ಹೇಳುವ ಬೇರೊಂದು ಪದ. ಶಬ್ದದ ಈ ಸೂಕ್ಷ್ಮವನ್ನು ಅತಿಯಾಗಿ ಎಳೆಯಬಾರದೆಂದು ಬಲ್ಲೆನು. ಆದರೂ ಕಥೆಯೇ ಅದನ್ನು ಸಮರ್ಥಿಸುತ್ತದೆ. ಯೂದನು ತನ್ನ ತಪ್ಪನ್ನು ಹೊತ್ತು ಯಾರ ಬಳಿಗೆ ಹೋದನು? ತನ್ನನ್ನು ಕೊಂಡವರ ಬಳಿಗೆ. ಅದು ನಮಗೇನು, ನೀನೇ ನೋಡಿಕೋ ಎಂದು ಅವರು ಕೈತೊಳೆದುಕೊಂಡರು. ಅಲ್ಲಿಂದ ಅವನು ತಿರುಗಿದ್ದು ತನ್ನ ಕಡೆಗೆ, ತನ್ನ ಕೊರಳಿನ ಕಡೆಗೆ. ತಾನು ಅಪರಾಧ ಮಾಡಿದ್ದು ಯಾರಿಗೋ ಆ ಮುಖದ ಕಡೆಗೆ ಅವನು ತಿರುಗಲೇ ಇಲ್ಲ. ಪೇತ್ರನ ಸಂಗತಿ ಹಾಗಲ್ಲ. ಕೋಳಿ ಕೂಗಿದಾಗ ಗುರುವು ತಿರುಗಿ ಅವನನ್ನು ನೋಡಿದನೆಂದು ಲೂಕನು ಬರೆಯುತ್ತಾನೆ. ಆ ನೋಟದ ಮುಂದೆ ಪೇತ್ರನ ನಾನು ಎಂಬುದು ಒಡೆಯಿತು. ತಪ್ಪಿನ ದುಃಖದಲ್ಲಿಯೂ ಅಹಂಕಾರವು ಅಡಗಿ ಕುಳಿತಿರಬಲ್ಲುದು: ‘ಎಂತಹ ನಾನು ಇಂತಹದನ್ನು ಮಾಡಿದೆನಲ್ಲಾ!’ ಎಂದು ಕೊರಗುವವನು ಇನ್ನೂ ತನ್ನನ್ನೇ ಪೂಜಿಸುತ್ತಿದ್ದಾನೆ. ಪೂಜೆಯ ಹೂವು ಮಾತ್ರ ಬಾಡಿದೆ.

ಹಾಗಾದರೆ ಕೈಯ ಪರಿಹಾರವು ಬೇಡವೆ? ಬೇಕು, ಜಕ್ಕಾಯನನ್ನು ನೋಡಿರಿ. ಯೆರಿಕೋ ಪಟ್ಟಣದಲ್ಲಿ ಸುಂಕದವರಿಗೆ ಮುಖ್ಯಸ್ಥನಾಗಿದ್ದ ಗಿಡ್ಡ ಆಳು. ನಮ್ಮಲ್ಲಿಯೂ ಸುಂಕದ ಬಂಕಣ್ಣನೆಂಬ ಶರಣನಿದ್ದನಷ್ಟೆ; ಆ ವೃತ್ತಿಯಲ್ಲಿ ಕೈ ಶುದ್ಧವಾಗಿಟ್ಟುಕೊಳ್ಳುವುದು ಯಾವ ದೇಶದಲ್ಲಿಯೂ ಸುಲಭವಲ್ಲ. ಜನಸಂದಣಿಯಲ್ಲಿ ಯೇಸುವನ್ನು ಕಾಣಲಾಗದೆ ಮರವನ್ನೇರಿದ ಈತನ ಮನೆಗೆ ಯೇಸುವು ತಾನಾಗಿಯೇ ಅತಿಥಿಯಾಗಿ ಹೋದನು. ಪಾಪಿಯ ಮನೆಯಲ್ಲಿ ಊಟವೆ ಎಂದು ಊರೆಲ್ಲ ಗೊಣಗಿತು. ಜಕ್ಕಾಯನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ವಂಚಿಸಿ ತೆಗೆದುಕೊಂಡದ್ದಕ್ಕೆ ನಾಲ್ಕುಪಟ್ಟು ಹಿಂದಿರುಗಿಸುವೆನೆಂದೂ ಹೇಳಿದನು. ಇಲ್ಲಿ ಕೊಡುಗೆಯು ಕ್ಷಮೆಗೆ ತೆತ್ತ ಬೆಲೆಯಲ್ಲ. ಅತಿಥಿಯು ಮನೆಗೆ ಬಂದ ಮೇಲೆ ಹೊಸ ಮನಸ್ಸು ಹಳೆಯ ಕಡತವನ್ನು ತಾನೇ ಬಿಚ್ಚಿತು.

ಯೆರಿಕೋದ ಸುಂಕದವನಿಗೆ ಒಂದು ಭಾಗ್ಯವಿತ್ತು: ಅವನು ವಂಚಿಸಿದ ಜನರು ಅದೇ ಊರಿನಲ್ಲಿ ಜೀವಂತರಾಗಿದ್ದರು. ಹಿಂದಿರುಗಿಸಲು ಸಾಧ್ಯವೇ ಇಲ್ಲದಷ್ಟನ್ನು ಕಸಿದುಕೊಂಡವನ ಗತಿಯೇನು? ಮನಸ್ಸು ತಿರುಗಿದರೂ ಕಣ್ಣು ತೆರೆಯದವನ ಗತಿಯೇನು? ಇದಕ್ಕೆ ಹದಿನೆಂಟನೆಯ ಶತಮಾನದ ಆಂಗ್ಲ ಪಾದ್ರಿ ಜಾನ್ ನ್ಯೂಟನ್ನನ ಜೀವನಕ್ಕಿಂತ ಮಿಗಿಲಾದ ಉದಾಹರಣೆಯನ್ನು ನಾನು ಕಂಡಿಲ್ಲ. ಗುರುತ್ವಾಕರ್ಷಣದ ನ್ಯೂಟನ್ನನು ಬೇರೆ. ಅದನ್ನು ಪಾಠಶಾಲೆಯ ಹುಡುಗರಿಗಾಗಿ ಹೇಳಿದ್ದೇನೆ.

ಈತನು ಹುಟ್ಟಿದ್ದು ೧೭೨೫ರಲ್ಲಿ, ಲಂಡನ್ನಿನಲ್ಲಿ. ತಂದೆ ಹಡಗಿನ ನಾಯಕ; ತಾಯಿ ಇವನ ಬಾಲ್ಯದಲ್ಲಿಯೇ ತೀರಿಕೊಂಡಳು. ಯೌವನದಲ್ಲಿ ನೌಕಾಸೈನ್ಯಕ್ಕೆ ಬಲಾತ್ಕಾರವಾಗಿ ಸೇರಿಸಲ್ಪಟ್ಟು, ಓಡಿಹೋಗಿ, ಸಿಕ್ಕಿಬಿದ್ದು ಚಾವಟಿಯ ಏಟು ತಿಂದು, ಕಡೆಗೆ ಆಫ್ರಿಕದ ಪಶ್ಚಿಮ ತೀರದಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಬಳಿ ಹಸಿವೆಯಿಂದ ನರಳಿದನು. ದೇವರನ್ನು ಹಾಸ್ಯಮಾಡುವುದರಲ್ಲಿ ಸಂಗಡಿಗ ನಾವಿಕರನ್ನೂ ಮೀರಿಸಿದ್ದನು. ೧೭೪೮ರ ಮಾರ್ಚ್ ತಿಂಗಳಲ್ಲಿ, ಊರಿಗೆ ಮರಳುತ್ತಿದ್ದ ಹಡಗು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಒಡೆದು ನೀರು ಒಳಗೆ ನುಗ್ಗಿತು. ನೀರನ್ನು ಎತ್ತಿಹಾಕುತ್ತ ಅವನ ಬಾಯಿಂದ ದೇವರ ದಯೆಯ ಮಾತು ತಾನಾಗಿ ಹೊರಟಿತು. ಹಡಗು ಹೇಗೋ ಐರ್ಲೆಂಡಿನ ದಡವನ್ನು ಸೇರಿತು. ಆ ಬಿರುಗಾಳಿಯ ದಿನವನ್ನು ಅವನು ಸಾಯುವ ತನಕ ವ್ರತದಂತೆ ಆಚರಿಸಿದನು. ಜಗತ್ತಿನಲ್ಲೆಲ್ಲ ಕ್ರೈಸ್ತರು ಹಾಡುವ ‘ಅಮೇಜಿಂಗ್ ಗ್ರೇಸ್’ ಎಂಬ ಗೀತೆಯನ್ನು ಮುಂದೆ ರಚಿಸಿದವನು ಇವನೇ.

ಪ್ರವಚನಕಾರರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ಬಿರುಗಾಳಿ ಎದ್ದಿತು, ಪಾಪಿ ಪುಣ್ಯಾತ್ಮನಾದನು, ಗುಲಾಮರ ವ್ಯಾಪಾರವನ್ನು ಬಿಟ್ಟನು ಎಂದು. ವಾಸ್ತವವು ಹಾಗಿಲ್ಲ. ಅದೇ ೧೭೪೮ರಲ್ಲಿ ಅವನು ಗುಲಾಮರನ್ನು ಸಾಗಿಸುವ ಇನ್ನೊಂದು ಹಡಗಿನಲ್ಲಿ ನಾಯಕನ ಕೆಳಗಿನ ಅಧಿಕಾರಿಯಾಗಿ ಹೊರಟನು. ೧೭೫೦ರಿಂದ ೧೭೫೪ರವರೆಗೆ ತಾನೇ ನಾಯಕನಾಗಿ ಅದೇ ವ್ಯಾಪಾರದ ಮೂರು ಯಾನಗಳನ್ನು ಮಾಡಿದನು. ಭಾನುವಾರ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಅದೇ ಹಲಗೆಯ ಕೆಳಗೆ ಮನುಷ್ಯರು ಸಂಕಲೆಯಲ್ಲಿ ಬಿದ್ದಿದ್ದರು. ದಂಗೆಯ ಸಂಶಯ ಬಂದಾಗ ಹುಡುಗರ ಹೆಬ್ಬೆರಳಿಗೆ ತಿರುಪು ಬಿಗಿಸಿ ಬಾಯಿಬಿಡಿಸಿದ್ದನ್ನು ಅವನ ದಿನಚರಿಯೇ ಹೇಳುತ್ತದೆ. ೧೭೫೪ರಲ್ಲಿ ಸಮುದ್ರವನ್ನು ಬಿಟ್ಟದ್ದು ಧರ್ಮಬುದ್ಧಿಯಿಂದಲ್ಲ, ಕಾಯಿಲೆಯಿಂದ. ೧೭೬೪ರಲ್ಲಿ ಪಾದ್ರಿಯ ದೀಕ್ಷೆ ಪಡೆದ ವರ್ಷವೇ ಪ್ರಕಟವಾದ ಆತ್ಮಕಥನದಲ್ಲಿ, ಆ ವ್ಯಾಪಾರದಲ್ಲಿದ್ದಾಗ ಅದು ನ್ಯಾಯವೋ ಅನ್ಯಾಯವೋ ಎಂಬ ಸಂದೇಹವೇ ತನಗೆ ಹುಟ್ಟಲಿಲ್ಲವೆಂದು ಬರೆದಿದ್ದಾನೆ.

ಇದನ್ನು ಓದಿದಾಗ ಅವನ ಭಕ್ತಿಯೆಲ್ಲ ಕಪಟವೆಂದು ಹೇಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಅವನ ಪ್ರಾರ್ಥನೆ ನಿಜವಾದುದೇ; ಕುಡಿತ, ದೂಷಣೆಗಳನ್ನು ಬಿಟ್ಟದ್ದೂ ನಿಜವೇ. ಬಿರುಗಾಳಿಯ ಕಾಲದಲ್ಲಿಯೇ ತಾನು ಪೂರ್ಣಭಕ್ತನಾದೆನೆಂದು ಅವನೂ ಎಣಿಸಲಿಲ್ಲ. ಬಹುಕಾಲದ ಮೇಲೆ ಅದಾಯಿತೆಂದು ತಾನೇ ಒಪ್ಪಿದ್ದಾನೆ. ಅವನ ಮನೆಯೊಳಕ್ಕೆ ದೀಪವು ಬಂದಿತ್ತು, ಆದರೆ ಪಡಸಾಲೆಯಲ್ಲಿ ಮಾತ್ರ. ಒಳಗಿನ ಕೋಣೆಗಳಿಗೆ ಅದನ್ನು ಒಯ್ದಿರಲಿಲ್ಲ. ಅಲ್ಲಿ ಕೋಣೆಗಳಿವೆಯೆಂಬುದೇ ತಿಳಿದಿರಲಿಲ್ಲ. ರಾಜ್ಯದ ಕಾನೂನು ಆ ವ್ಯಾಪಾರವನ್ನು ಒಪ್ಪಿತ್ತು, ಸಭ್ಯರು ಅದರಲ್ಲಿ ಹಣ ತೊಡಗಿಸಿದ್ದರು, ಗುರುಗಳೂ ಸುಮ್ಮನಿದ್ದರು. ಊರೆಲ್ಲ ಕೂಡಿ ಮಾಡುವ ಪಾಪಕ್ಕೆ ಬೇಗೆಯಿರುವುದಿಲ್ಲ. ಬೇಗೆಯನ್ನೇ ನೆಚ್ಚಿ ಕುಳಿತವನಿಗೆ ಅಂತಹ ಪಾಪವು ಎಂದಿಗೂ ಕಾಣುವುದಿಲ್ಲ. ಇದಕ್ಕಾಗಿಯೇ ಪಶ್ಚಾತ್ತಾಪವು ಸಾಲದು, ಮಾನಸಾಂತರವು ಬೇಕು. ಕ್ರೈಸ್ತರ ಪೌಲನೆಂಬ ಆಚಾರ್ಯನು ಹೊರಗಿನ ಮನುಷ್ಯನು ಕ್ಷಯಿಸುತ್ತಿದ್ದರೂ ಒಳಗಿನ ಮನುಷ್ಯನು ದಿನದಿನವೂ ಹೊಸಬನಾಗುತ್ತಾನೆಂದು ಬೋಧಿಸಿದನು. ಒಂದೇ ದಿನದಲ್ಲಿ ಅಲ್ಲ, ದಿನದಿನವೂ. ಆ ಮಾತಿನ ಭಾರವೆಲ್ಲ ಅಲ್ಲಿದೆ.

ನಮ್ಮ ಶರಣರು ಷಟ್‌ಸ್ಥಲವನ್ನು ಹೇಳಿದ್ದಾರೆ. ದೀಕ್ಷೆಯಾದ ದಿನವೇ ಐಕ್ಯನಾದೆನೆಂದು ಯಾವ ಶರಣನೂ ಬೀಗಲಿಲ್ಲ. ಭಕ್ತಸ್ಥಲದಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು. ಉರಿಲಿಂಗಪೆದ್ದಿಗಳ ಐತಿಹ್ಯವನ್ನು ನೆನೆಯಿರಿ. ಕಳವಿಗೆಂದು ರಾತ್ರಿ ಮನೆ ಹೊಕ್ಕವನು ಉರಿಲಿಂಗದೇವರು ಒಬ್ಬರಿಗೆ ದೀಕ್ಷೆಯೀಯುವುದನ್ನು ಕಂಡು ಮರುಳಾದನು. ಕಂಡ ರಾತ್ರಿಗೇ ಎಲ್ಲವೂ ಮುಗಿಯಲಿಲ್ಲ. ಗುರುಮನೆಗೆ ದಿನವೂ ಸೌದೆಯ ಹೊರೆಯನ್ನು ಹೊತ್ತು ತಂದನು. ಆ ಹೊರೆಗಳ ಕೆಳಗೆ ಕಳ್ಳನು ಕರಗಿದನು. ಕಡೆಗೆ ಆ ಗುರುಪೀಠಕ್ಕೇ ಅವನು ಉತ್ತರಾಧಿಕಾರಿಯಾದನು. ಅವರ ವಚನಗಳಲ್ಲಿ ಶ್ರುತಿವಾಕ್ಯಗಳು ಧಾರಾಳವಾಗಿ ಬರುವುದನ್ನು ಕಂಡಾಗಲೆಲ್ಲ ಆ ಸೌದೆಯ ಹೊರೆಯು ನನ್ನ ಕಣ್ಣ ಮುಂದೆ ಬರುತ್ತದೆ.

ಬಂಧುಗಳಿರಾ, ನ್ಯೂಟನ್ನನ ಹಡಗನ್ನು ದೂರದಿಂದ ನೋಡಿ ನಿಟ್ಟುಸಿರು ಬಿಡುವುದಕ್ಕೆ ಮೊದಲು ನಮ್ಮ ಹಲಗೆಯ ಕೆಳಗೆ ಏನಿದೆಯೆಂದು ಬಗ್ಗಿ ನೋಡಬೇಡವೆ? ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರ ಮಕ್ಕಳ ಮದುವೆಯ ನಿಮಿತ್ತವಾಗಿ ಕಲ್ಯಾಣವು ರಕ್ತದಲ್ಲಿ ನೆನೆಯಿತೆಂದು ಓದುತ್ತೇವೆ. ಅಸ್ಪೃಶ್ಯತೆಯು ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗದಿಂದ ರದ್ದಾಯಿತು. ಇಷ್ಟಾದರೂ ಬೆಳಗ್ಗೆ ಕರದಲ್ಲಿ ಇಷ್ಟಲಿಂಗವನ್ನು ಹಿಡಿದ ಮನುಷ್ಯನು ಮಧ್ಯಾಹ್ನ ಹೊಲದ ಆಳಿಗೆ ನೀರನ್ನು ಮೇಲಿಂದ ಹೊಯ್ಯುವುದು ಎಲ್ಲ ಊರುಗಳಲ್ಲಿಯೂ ನಿಂತಿಲ್ಲ. ಅವನ ಪೂಜೆ ಕಪಟವೆ? ಅಲ್ಲ. ಕಣ್ಣೀರು ಸುಳ್ಳೆ? ಅಲ್ಲ. ಲಿಂಗದ ಮುಂದೆ ಕುಳಿತಾಗ ತಾನು ನಿನ್ನೆ ಹೆಂಡತಿಯ ಮೇಲೆ ರೇಗಿದ್ದಕ್ಕೆ, ಉಪವಾಸ ತಪ್ಪಿದ್ದಕ್ಕೆ ಅವನು ಮರುಗುತ್ತಾನೆ; ನೀರು ಹೊಯ್ದದ್ದಕ್ಕೆ ಮರುಗುವುದಿಲ್ಲ, ಏಕೆಂದರೆ ಅದು ತಪ್ಪೆಂದು ತೋರಿಯೇ ಇಲ್ಲ. ಬಹುಕಾಲ ನೀರಿನಲ್ಲಿದ್ದರೂ ಒಳಗೆ ನೆನೆಯದ ಕಲ್ಲಿನ ದೃಷ್ಟಾಂತವನ್ನು ಬಸವಣ್ಣನವರು ಕೊಟ್ಟದ್ದು ಪರಮತದವರಿಗಾಗಿ ಅಲ್ಲ. ಪೂಜೆ ಮಾಡುವವರಿಗಾಗಿ, ಅದರಲ್ಲಿಯೂ ತಮ್ಮ ಮೇಲೆಯೇ ಹೇಳಿಕೊಂಡಂತೆ.

ನ್ಯೂಟನ್ನನ ಕಲ್ಲು ನೆನೆಯಲು ನಲವತ್ತು ವರ್ಷ ಹಿಡಿಯಿತು. ೧೭೮೫ರ ಕೊನೆಯಲ್ಲಿ ವಿಲ್ಬರ್‌ಫೋರ್ಸ್ ಎಂಬ ತರುಣ ಪಾರ್ಲಿಮೆಂಟ್ ಸದಸ್ಯನು ರಾಜಕೀಯವನ್ನು ತ್ಯಜಿಸಬೇಕೋ ಎಂಬ ಗೊಂದಲದಲ್ಲಿ ಅವನನ್ನು ಕಾಣಲು ಬಂದನು. ಇದ್ದಲ್ಲಿಯೇ ಇದ್ದು ದೇವರ ಕೆಲಸ ಮಾಡೆಂದು ವೃದ್ಧ ಪಾದ್ರಿಯು ಬುದ್ಧಿ ಹೇಳಿದನು. ಆ ತರುಣನು ಗುಲಾಮರ ವ್ಯಾಪಾರದ ವಿರುದ್ಧ ಸೊಂಟಕಟ್ಟಿ ನಿಂತಾಗ, ೧೭೮೮ರಲ್ಲಿ, ನ್ಯೂಟನ್ನನು ತನ್ನ ಮೌನವನ್ನು ಮುರಿದು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಈ ನಿವೇದನೆಯು ತಡವಾಗಿ ಬಂದಿದೆಯೆಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡನು. ಜಕ್ಕಾಯನಂತೆ ನಾಲ್ಕುಪಟ್ಟು ಹಿಂದಿರುಗಿಸಲು ಅವನಿಗೆ ಯಾರು ಉಳಿದಿದ್ದರು? ಅವನು ಸಾಗಿಸಿದವರಲ್ಲಿ ಕೆಲವರು ಕಡಲಿನ ತಳದಲ್ಲಿದ್ದರು. ಮಿಕ್ಕವರು ಪಶ್ಚಿಮ ಇಂಡೀಸಿನ ಕಬ್ಬಿನ ತೋಟಗಳಲ್ಲಿ, ಅಮೇರಿಕದಲ್ಲಿ ಹೆಸರಿಲ್ಲದೆ ಹೋಗಿದ್ದರು. ಅವನ ಬಳಿ ಉಳಿದಿದ್ದ ಆಸ್ತಿಯೆಂದರೆ ತಾನು ಕಂಡದ್ದರ ನೆನಪು. ಅದನ್ನೇ ಕೊಟ್ಟನು. ಹಡಗಿನ ತಳದಲ್ಲಿ ಮನುಷ್ಯರನ್ನು ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ಮಲಗಿಸುತ್ತಿದ್ದುದನ್ನು ಬರೆದನು. ಪಾರ್ಲಿಮೆಂಟಿನ ವಿಚಾರಣೆಯಲ್ಲಿಯೂ ಸಾಕ್ಷಿ ನುಡಿದನು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸುವ ಕಾನೂನು ಮಾಡಿದ್ದು ೧೮೦೭ರ ಮಾರ್ಚಿನಲ್ಲಿ. ಎಂಬತ್ತೆರಡರ ಮುದುಕನು ಅದನ್ನು ಕೇಳಿ, ಅದೇ ವರ್ಷದ ಡಿಸೆಂಬರಿನಲ್ಲಿ ಕಣ್ಣುಮುಚ್ಚಿದನು.

ಆ ಚಿಕ್ಕ ಪುಸ್ತಕದಲ್ಲಿ ಒಂದು ಸ್ಥಳವಿದೆ. ಬರೆಯುವಾಗ ಅವನು ಹಳೆಯ ಯಾನದ ದಿನಚರಿಯನ್ನು ಎದುರಿಗೆ ಬಿಚ್ಚಿಟ್ಟುಕೊಂಡಿದ್ದನು. ಬಿರುಗಾಳಿಯಲ್ಲಿ ದೇವರನ್ನು ಕೂಗಿದ ಬಳಿಕ ಅವನು ಕೈಗೊಂಡ ಮೊದಲನೆಯ ಯಾನವದು, ನಾಯಕನಾಗುವುದಕ್ಕೆ ಮುಂಚಿನದು. ಅಂದು ತಾನೇ ನಿರ್ವಿಕಾರವಾಗಿ ಬರೆದಿಟ್ಟ ಅಂಕಿಗಳನ್ನು ನಲವತ್ತು ವರ್ಷದ ತರುವಾಯ ಮತ್ತೆ ಎಣಿಸಿದನು. ಆಫ್ರಿಕದ ತೀರವನ್ನು ಬಿಟ್ಟಾಗ ಹಡಗಿನಲ್ಲಿ ೨೧೮ ಜನ ಗುಲಾಮರು. ದಕ್ಷಿಣ ಕೆರೊಲಿನಾ ತಲಪುವುದರೊಳಗೆ ಕಡಲಿಗೆ ಹಾಕಿದ್ದು ೬೨ ಹೆಣ. ಅಷ್ಟಕ್ಕೆ ನಿಲ್ಲದೆ ಇನ್ನೊಂದು ಮಾತನ್ನು ಸೇರಿಸಿದನು: ತೀರವನ್ನು ಬಿಡುವ ಮೊದಲೇ ಸತ್ತವರು ಈ ಲೆಕ್ಕದಲ್ಲಿ ಸೇರಿಲ್ಲ, ಅವರೆಷ್ಟು ಮಂದಿಯೆಂದು ತಾನು ಬರೆದಿಟ್ಟುಕೊಂಡಿಲ್ಲ.